ಹದಿನಾರು ಗಾಲಿಯ ಮನೆ, ಎರಡು ಸೀಟಿನ ಕಾರು

ನಮ್ಮ ಮನೆಗೆ ಯಾವ ಹೊಸ ಸಾಮಾನು ಬಂದರೂ ಅಪ್ಪ ಮೊದಲು ಅದನ್ನು ಬುಡಮೇಲು ಮಾಡಿ ನೋಡುತ್ತಿದ್ದ. ಬೆಲೆ ಕೇಳುತ್ತಿರಲಿಲ್ಲ, ಯಾವ ಕಂಪನಿಯದು ಎಂದೂ ಕೇಳುತ್ತಿರಲಿಲ್ಲ. ಕೆಳಗೆ ಗಾಲಿ ಇದೆಯೋ ಇಲ್ಲವೋ, ಅವನಿಗೆ ಬೇಕಾದದ್ದು ಅಷ್ಟೇ. ಗಾಲಿ ಕಂಡರೆ ಮುಖ ಗಂಟಾಗುತ್ತಿತ್ತು, ಇಲ್ಲದಿದ್ದರೆ 'ಒಳಗ ಇಡ್ರಿ' ಎನ್ನುತ್ತಿದ್ದ.

ಇದಕ್ಕೊಂದು ಕಾರಣವಿತ್ತು. ನಮ್ಮದು ಶೇಡಬಾಳದಲ್ಲಿ ದ್ರಾಕ್ಷಿ, ಕಬ್ಬಿನ ಒಕ್ಕಲುತನ. ಎಂಬತ್ತರ ದಶಕದ ನಡುವಿನಲ್ಲಿ ಒಂದು ಮಳೆಗಾಲ ಮುನಿ ಮಹಾರಾಜರೊಬ್ಬರು ನಮ್ಮೂರ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತರು. ನಾಲ್ಕು ತಿಂಗಳು ಅವರು ಊರು ಬಿಟ್ಟು ಕದಲುವುದಿಲ್ಲ, ದಿನಾ ಪ್ರವಚನ. ಪ್ರವಚನ ಮುಗಿದ ಮೇಲೆ ಮನಸ್ಸಾದವರು ಎದ್ದು ನಿಂತು ಕೈಮುಗಿದು ಏನಾದರೊಂದು ನೇಮ ಹಿಡಿಯುವ ಪದ್ಧತಿ. ಒಬ್ಬ ಸಿನಿಮಾ ಬಿಟ್ಟ, ಒಬ್ಬ ಬೀಡಿ ಬಿಟ್ಟ. ನಮ್ಮ ಎದುರು ಮನೆಯವನು ಹಾಗಲಕಾಯಿ ಬಿಟ್ಟ. ಅವನು ಹುಟ್ಟಿದಾಗಿನಿಂದ ಅದನ್ನು ಮುಟ್ಟಿರಲಿಲ್ಲ.

ಅಪ್ಪನಿಗೆ ಇಂಥ ಚಿಲ್ಲರೆ ನೇಮ ಸೇರುತ್ತಿರಲಿಲ್ಲ. ಪರಿಗ್ರಹ ಪರಿಮಾಣ ಹಿಡಿಯುತ್ತೇನೆಂದು ಎದ್ದು ನಿಂತ. ಅಂದರೆ ಇಷ್ಟಕ್ಕಿಂತ ಹೆಚ್ಚು ಆಸ್ತಿಪಾಸ್ತಿ ಇಟ್ಟುಕೊಳ್ಳುವುದಿಲ್ಲ ಎಂದು ತನಗೆ ತಾನೇ ಹದ್ದು ಹಾಕಿಕೊಳ್ಳುವುದು. ಮಹಾರಾಜರು ಒಂದೊಂದಾಗಿ ಕೇಳಿದರು. ಭೂಮಿ? ಹೇಳಿದ. ಧೋತರ? ಆರು. ವಾಹನ? ಉಳಿದವರಾದರೆ ಒಂದು ಗಾಡಿ, ಎರಡು ಗಾಡಿ ಎನ್ನುತ್ತಿದ್ದರು. ಅಪ್ಪ ಆಗಷ್ಟೇ ಟ್ರೇಲರಿನ ಪಂಕ್ಚರ್ ತೆಗೆಸಿ ಬಂದಿದ್ದ, ತಲೆಯಲ್ಲಿ ಅದೇ ತುಂಬಿತ್ತು. "ಹದಿನಾರ ಗಾಲಿರಿ, ಮಹಾರಾಜ" ಎಂದುಬಿಟ್ಟ. ಬಸದಿ ತುಂಬ ನಗೆ. ಮಹಾರಾಜರು ಮಾತ್ರ ನಗದೆ ನವಿಲುಗರಿಯ ಪಿಂಚಿ ಎತ್ತಿ ಆಶೀರ್ವಾದ ಮಾಡಿ, "ಹದಿನಾರ ಅಂದ್ರ ಹದಿನಾರ. ಜೀವ ಇರೂತನಕ" ಎಂದರು. ಆವತ್ತಿನಿಂದ ನಮ್ಮದು ಊರಿನವರ ಬಾಯಲ್ಲಿ ಹದಿನಾರು ಗಾಲಿಯ ಮನೆಯಾಯಿತು.

ಲೆಕ್ಕ ಹೀಗಿತ್ತು. ಟ್ರ್ಯಾಕ್ಟರಿಗೆ ನಾಲ್ಕು, ಟ್ರೇಲರಿಗೆ ನಾಲ್ಕು, ಎತ್ತಿನ ಬಂಡಿಗೆ ಎರಡು, ಅಪ್ಪನ ಸೈಕಲ್ಲಿಗೆ ಎರಡು. ಒಟ್ಟು ಹನ್ನೆರಡು. ಉಳಿದ ನಾಲ್ಕು ಗಾಲಿ ಅವ್ವನ ಕಾರಿಗೆ. ಮನೆಯಲ್ಲಿ ಕಾರು ಇರಲಿಲ್ಲ, ಆದರೆ ಅದರ ಗಾಲಿಗಳಿಗೆ ಜಾಗ ಕಾದಿಟ್ಟಾಗಿತ್ತು.

ಅವ್ವನ ತವರು ಚಿಕ್ಕೋಡಿಯ ಆಚೆಗಿನ ಒಂದು ಹಳ್ಳಿ. ನಮ್ಮೂರಿಂದ ಉಗಾರ, ಕುಡಚಿಯ ಸೇತುವೆ, ರಾಯಬಾಗದಲ್ಲಿ ಬಸ್ಸು ಬದಲಿ, ಚಿಕ್ಕೋಡಿಯಲ್ಲಿ ಮತ್ತೊಮ್ಮೆ ಬದಲಿ. ಅವ್ವನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಉಗಾರ ಬರುವುದರೊಳಗೆ ನಿಂಬೆಹಣ್ಣು ಮೂಗಿಗೆ ಹೋಗುತ್ತಿತ್ತು, ಸೇತುವೆಯ ಮೇಲೆ ತಲೆ ಕಿಟಕಿಯ ಹೊರಗೆ ಹೋಗುತ್ತಿತ್ತು, ರಾಯಬಾಗದ ಸ್ಟ್ಯಾಂಡಿನಲ್ಲಿ ಇಳಿದವಳೇ ಕಟ್ಟೆಯ ಮೇಲೆ ಅಡ್ಡಾಗುತ್ತಿದ್ದಳು. ರೈಲಿನಲ್ಲಿ ಏನೂ ಆಗುತ್ತಿರಲಿಲ್ಲ, ಆದರೆ ಅವಳ ತವರಿಗೆ ರೈಲು ಹಾಕುವ ವಿಚಾರ ಸರಕಾರಕ್ಕೆ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಎರಡು ವರ್ಷಕ್ಕೊಮ್ಮೆ ಹೋಗತೊಡಗಿದಳು, ಆಮೇಲೆ ಬರೀ ಮದುವೆಗೆ, ಸಾವಿಗೆ. "ಬಸ್ಸಿನ್ಯಾಗ ಡೀಸೆಲ್ ವಾಸನಿ ಹೊಡೀತೈತಿ. ಕಾರ್ ತಗೊಂಡ ಮ್ಯಾಲ ಎಲ್ಲಾ ಸರಿ ಆಗತೈತಿ" ಎಂದು ಅಪ್ಪ ಹೇಳುತ್ತಿದ್ದ.

ಆದರೆ ಕಾರು ಬರಬೇಕಲ್ಲ! ಅಪ್ಪ ಕಾಯುವುದರಲ್ಲಿ ಎತ್ತಿದ ಕೈ. ಹೊಸದಾಗಿ ಬಂದದ್ದನ್ನು ಮೂರು ವರ್ಷ ಬೇರೆಯವರು ಬಳಸಿ ನೋಡುವತನಕ ಅವನು ಮುಟ್ಟುತ್ತಿರಲಿಲ್ಲ. "ಮೊದಲಿನ ಮಾಲು ಕಚ್ಚಾ ಇರತೈತಿ. ಮಂದಿ ಓಡಸಲಿ, ನಾವು ನೋಡೂನು." ಉಗಾರದ ಡಾಕ್ಟರರು ಸಣ್ಣ ಕಾರು ತಂದಾಗ ಅಪ್ಪ ಹೋಗಿ ರಸ್ತೆಯಲ್ಲೇ ಮೊಳಕಾಲೂರಿ ಅದರ ಹೊಟ್ಟೆಯ ಕೆಳಗೆ ನೋಡಿ ಬಂದ. ಮೂರು ವರ್ಷ ಕಳೆಯುವುದರೊಳಗೆ ಅದೇ ಕಾರಿನ ಹೊಸ ನಮೂನೆ ಬಂತು. ಮತ್ತೆ ಮೂರು ವರ್ಷ. ಹೀಗೆ ಕಾರುಗಳು ಮುಂದೆ ಮುಂದೆ, ಅಪ್ಪ ಹಿಂದೆ ಹಿಂದೆ, ಅವ್ವ ನಿಂಬೆಹಣ್ಣು ಹಿಡಿದು ಬಸ್ಸಿನಲ್ಲಿ.

ನೇಮ ಪಾಲಿಸುವುದರಲ್ಲಿ ಮಾತ್ರ ಅಪ್ಪ ಒಂದು ದಿನವೂ ಕಾಯಲಿಲ್ಲ. ನೆಲಕ್ಕೆ ತಾಗಿ ಉರುಳುವುದು ಗಾಲಿ ಎಂದು ಅವನೇ ವ್ಯಾಖ್ಯಾನ ಮಾಡಿದ್ದ. ಹಾಗಾಗಿ ಅವ್ವನ ಹೊಲಿಗೆ ಯಂತ್ರ ಬಚಾವಾಯಿತು, ಒಣದ್ರಾಕ್ಷಿ ಶೆಡ್ಡಿನ ಒಂಟಿ ಗಾಲಿಯ ಕೈಗಾಡಿ ಬಚಾವಾಗಲಿಲ್ಲ. ಅದನ್ನು ಯಾರಿಗೋ ಕೊಟ್ಟುಬಿಟ್ಟ, ಆಳುಗಳು ಬುಟ್ಟಿ ಹೊತ್ತು ಅವನಿಗೆ ಶಾಪ ಹಾಕಿದರು. ನನ್ನ ಮದುವೆಯಲ್ಲಿ ನಿಪ್ಪಾಣಿಯ ಬೀಗರು, ತಂಬಾಕಿನ ವ್ಯಾಪಾರಸ್ಥರು, ದೊಡ್ಡದೊಂದು ಸೂಟಕೇಸು ಕೊಟ್ಟರು. ಕೆಳಗೆ ಎರಡು ಪುಟ್ಟ ಗಾಲಿ! ಆಗ ಅಂಥ ಸೂಟಕೇಸು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಅಪ್ಪ ಸ್ಕ್ರೂಡ್ರೈವರ್ ತಂದು ಮಂಟಪದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ಗಾಲಿ ಬಿಚ್ಚಿ, ಕಾಗದದಲ್ಲಿ ಸುತ್ತಿ, ಬೀಗರ ಕೈಗೆ ವಾಪಸು ಕೊಟ್ಟ. "ಸಿಟ್ಟಾಗಬ್ಯಾಡ್ರಿ ಬೀಗರ, ನಮ್ಮಲ್ಲಿ ಜಾಗಾ ಇಲ್ಲ" ಎಂದ. ಏನು ತಿಳಿಯಬೇಕು ಪಾಪ ಅವರಿಗೆ! ನನ್ನ ಹೆಂಡತಿ ಈ ಕತೆಯನ್ನು ಇವತ್ತಿಗೂ ಹೇಳುತ್ತಾಳೆ, ಪ್ರತಿ ಸಲ ಹೊಸದಾಗಿ ಸಿಟ್ಟಾಗುತ್ತಾಳೆ.

ಮದುವೆಗಿಂತ ಐದಾರು ವರ್ಷ ಮೊದಲು ನಾನು ಒಂದು ಮೋಟರ್‌ಸೈಕಲ್ ಕೊಂಡಿದ್ದೆ. ಅಪ್ಪ ಗೊಣಗದೆ ಒಪ್ಪಿದಾಗ ನನಗೇ ಆಶ್ಚರ್ಯವಾಗಿತ್ತು. ಅದೇ ವಾರ ಅವನು ತನ್ನ ಸೈಕಲ್ಲನ್ನು ನಮ್ಮ ಹಳೆಯ ಆಳಿಗೆ ಕೊಟ್ಟು, ತೋಟಕ್ಕೆ ನಡೆದು ಹೋಗತೊಡಗಿದ. ಕೇಳಿದರೆ "ಮೊಳಕಾಲ ಹಿಡೀತಾವ, ಪೆಡಲ್ ತುಳ್ಯಾಕ ಆಗೂದಿಲ್ಲ" ಎಂದ. ನಾನು ನಂಬಿದೆ. ಮೊಳಕಾಲು ಹಿಡಿದವನು ದಿನಾ ಎರಡು ಮೈಲಿ ಹೋಗಿ ಎರಡು ಮೈಲಿ ಬರುವುದು ಹೇಗೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆ ವಯಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಪೆಟ್ರೋಲ್ ಒಂದೇ.

ಈಗ ಕೆಂಪು ಕಾರಿಗೆ ಬರುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಮೂವತ್ತು ದಾಟಿತ್ತು, ಮದುವೆಯಾಗಿ ಮೂರು ವರ್ಷ. ಮಳೆಗಾಲದಲ್ಲಿ ಒಂದು ದಿನ ದ್ರಾಕ್ಷಿಗೆ ಹೊಡೆಯುವ ಔಷಧಿ ತರಲು ಕೊಲ್ಹಾಪುರಕ್ಕೆ ಹೋಗಿದ್ದೆ. ಔಷಧಿ ಅಂಗಡಿಯ ಎದುರಿಗೆ ಕಾರಿನ ಶೋರೂಮು, ಗಾಜಿನ ಹಿಂದೆ ಅದು ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ನೆಲಕ್ಕೆ ಇಷ್ಟು ಹತ್ತಿರ. ಬಣ್ಣ ಹಣ್ಣು ಮೆಣಸಿನಕಾಯಿ. ನಮ್ಮ ದೇಶದಲ್ಲೇ ತಯಾರಾದ ಸ್ಪೋರ್ಟ್ಸ್ ಕಾರಂತೆ. ಸುಳ್ಳು ಯಾಕೆ ಹೇಳಲಿ, ನನ್ನ ಹೆಂಡತಿಯನ್ನು ನೋಡಲು ಹೋದಾಗಲೂ ನಾನು ಅಷ್ಟು ಹೊತ್ತು ಬಾಯಿ ತೆರೆದು ನಿಂತಿರಲಿಲ್ಲ. ಈ ಮಾತನ್ನು ಆಗ ಮನೆಯಲ್ಲಿ ಹೇಳಲಿಲ್ಲ.

ಶೋರೂಮಿನವನು ಹೊರಗೆ ಬಂದ. "ಘ್ಯಾ ಸಾಹೇಬ, ವಿಚಾರ ಕಾಯ ಕರ್ತಾಯ?" ಎಂದ, ತಗೊಳ್ಳಿ, ಏನು ವಿಚಾರ ಮಾಡುತ್ತೀರಿ ಎಂದು. ಬಂದದ್ದು ಇದೊಂದೇ, ಮುಂದಿನದು ಯಾವಾಗ ಬರುತ್ತದೋ ತನಗೂ ಗೊತ್ತಿಲ್ಲ ಎಂದ. ಎಂಟು ದಿನ ಯಾರಿಗೂ ಕೊಡದೆ ಇಟ್ಟಿರುತ್ತೇನೆಂದು ನನ್ನ ಕೈ ಹಿಡಿದು ಹೇಳಿದ. ಔಷಧಿಯ ಡಬ್ಬಿಗಳನ್ನು ಅಂಗಡಿಯಲ್ಲೇ ಮರೆತು ಊರಿಗೆ ಬಂದೆ.

ಸಂಜೆ ಊಟಕ್ಕೆ ಕೂತಾಗ ವಿಷಯ ಬಿಚ್ಚಿದೆ. ಹೊತ್ತು ಮುಳುಗುವ ಮೊದಲೇ ನಮ್ಮಲ್ಲಿ ಊಟ, ಹಾಗಾಗಿ ಎಲ್ಲರೂ ಒಟ್ಟಿಗೆ ಸಿಗುತ್ತಿದ್ದರು.

"ಎಷ್ಟ ಗಾಲಿ?" ಅಪ್ಪನ ಮೊದಲ ಪ್ರಶ್ನೆ.

"ನಾಕು."

"ಸ್ಟೆಪ್ನಿ?"

"ಅದು ಹಿಂದ ಡಿಕ್ಕಿಯೊಳಗ ಮಲಗಿರತೈತಿ. ಉರಳೂದಿಲ್ಲ."

ಅಪ್ಪ ರೊಟ್ಟಿ ಮುರಿಯುತ್ತ ವಿಚಾರ ಮಾಡಿದ. "ಎಷ್ಟ ಮಂದಿ ಕುಂದರತಾರ?"

"ಇಬ್ರು."

ಆಗ ಅವ್ವ, ಅದುವರೆಗೆ ಸುಮ್ಮನೆ ಪಲ್ಯ ಬಡಿಸುತ್ತಿದ್ದವಳು, ಸೌಟು ಹಿಡಿದೇ ಕೇಳಿದಳು. "ಒಂದು ನಿಂದು. ಇನ್ನೊಂದು ಯಾರದು?"

ನಾನು ಹೆಂಡತಿಯನ್ನು ನೋಡಿದೆ. ಅವ್ವನನ್ನು ನೋಡಿದೆ. ಆಮೇಲೆ ಮಜ್ಜಿಗೆ ಬೇಕೆಂದೆ.

"ಮ್ಯಾಲ ಏನೂ ಇಲ್ಲಂತ?" ಅಪ್ಪ ಮುಂದುವರಿಸಿದ. "ಮ್ಯಾಲ ಇಲ್ಲದ್ದು, ಇಬ್ರ ಕುಂದರೂದು ನಮ್ಮಲ್ಲಿ ಒಂದ ಐತಿ. ಟ್ರ್ಯಾಕ್ಟರ್ ಅಂತಾರ ಅದಕ್ಕ."

"ನನ್ನ ಹೆಸರಿಗೆ ತಗೋರಿ ಬಿಡ್ರಿ ಮಾವಾರ, ನಿಮ್ಮ ನೇಮಕ್ಕ ಹತ್ತೂದಿಲ್ಲ" ಎಂದಳು ನನ್ನ ಹೆಂಡತಿ. ನಿಪ್ಪಾಣಿಯವಳು, ವ್ಯಾಪಾರದ ಮನೆಯಲ್ಲಿ ಬೆಳೆದವಳು, ಕಾಯ್ದೆಯ ಸಂದುಗೊಂದು ಬೇಗ ಕಾಣುತ್ತವೆ.

"ಒಂದ ಒಲಿ ಮ್ಯಾಲಿಂದು ಉಣ್ಣೂತನಕ ಗಾಲೀನೂ ಒಂದ ಲೆಕ್ಕ" ಎಂದ ಅಪ್ಪ. ಅಲ್ಲಿಗೆ ಅದು ಮುಗಿಯಿತು.

ಹಠ ನನ್ನದೂ ಕಡಿಮೆ ಇರಲಿಲ್ಲ. ನನ್ನ ಸಂಕಟ ಓದುವವರಿಗೆ ತಿಳಿಯಲಿ. ನಾಲ್ಕೇ ಗಾಲಿ ಉಳಿದಿದ್ದವು. ಅವನ್ನು ಕೆಂಪು ಕಾರಿಗೆ ಹಾಕಿದರೆ ಅಪ್ಪನ ಜೀವ ಇರುವತನಕ ಅವ್ವನಿಗೆ ಕಾರಿಲ್ಲ. ಅಪ್ಪ ನೂರು ವರ್ಷ ಬಾಳಲಿ ಎಂದು ದಿನಾ ಬಸದಿಯಲ್ಲಿ ಬೇಡುತ್ತಿದ್ದವನೂ ನಾನೇ. ಬೇಡ ಎಂದು ಬಿಟ್ಟರೆ ಕೆಂಪು ಕಾರು ಬೇರೆಯವರ ಪಾಲು. ಮೋಟರ್‌ಸೈಕಲ್ ಮಾರಿದರೆ ಎರಡು ಬಿಡುವಾಗುತ್ತಿತ್ತು, ಇನ್ನೆರಡಕ್ಕೆ ಬಂಡಿ ಕೊಡಬೇಕು. ಬಂಡಿಯ ಮಾತೆತ್ತಿದರೆ ಅಪ್ಪ "ಬಂಡಿ ಇಲ್ಲದ ಒಕ್ಕಲತನ ಎಂಥಾದ್ಲೇ?" ಎಂದು ಗದರಿಸಿದ. ಎತ್ತು ಮಾರಿ ಆಗಲೇ ನಾಲ್ಕು ವರ್ಷವಾಗಿತ್ತು. ಬಂಡಿಯ ಮೇಲೆ ಕೋಳಿ ಮಲಗುತ್ತಿದ್ದವು, ಅವೂ ನೆರೆಮನೆಯವು.

ಎಂಟರಲ್ಲಿ ಮೂರು ದಿನ ಕಳೆದವು. ಆಗ ಉಗಾರ ಬುದ್ರುಕಿನಲ್ಲಿ ವಯಸ್ಸಾದ ಬೇರೊಬ್ಬ ಮಹಾರಾಜರು ಚಾತುರ್ಮಾಸಕ್ಕೆ ನಿಂತಿದ್ದರು. ಹದಿನಾರನ್ನು ಇಪ್ಪತ್ತು ಮಾಡಲು ಬರುತ್ತದೋ ಕೇಳೋಣವೆಂದು ಅಪ್ಪನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದೆ. ನಮೋಸ್ತು ಹೇಳಿ ಕೂತೆವು. ಅಪ್ಪ ಬಾಯಿ ಬಿಡಲಿಲ್ಲ, ನಾನೇ ಎಲ್ಲಾ ಹೇಳಿದೆ. ನನ್ನ ಕಾರು, ಅವ್ವನ ಕಾರು, ಬಂಡಿ, ಸ್ಟೆಪ್ನಿ, ಸೂಟಕೇಸು, ಎಲ್ಲಾ. ಜೀವಮಾನವಿಡೀ ಬರಿಗಾಲಲ್ಲಿ ಊರೂರು ನಡೆದ ಆ ಮುದುಕರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ನೇಮ ಬಿಗಿ ಮಾಡಾಕ ಬರತೈತಿ, ಸಡಲ ಮಾಡಾಕ ಬರಂಗಿಲ್ಲ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ನಾಕು ಉಳದಾವ ಅಂತಲ್ಲ?" ಎಂದರು.

"ಅವು ನಮ್ಮ ಮನಿಯಾಕೀವ್ರಿ, ಮಹಾರಾಜ" ಎಂದ ಅಪ್ಪ. "ಈ ಮಗಾ ಮೋಟರ್‌ಸೈಕಲ್ ತಂದಾಗ ಅದರಾಗ ಎರಡು ಹೋಗತಿದ್ದುವು. ನಾ ನನ್ನ ಸೈಕಲ್ ಬಿಟ್ಟ ಸರಿ ಮಾಡೀನ್ರಿ."

ನಾನು ನೆಲ ನೋಡಿದೆ. ಎಂಟು ವರ್ಷ ಅವನು ನನ್ನ ಮೋಟರ್‌ಸೈಕಲ್ಲಿನ ಎರಡು ಗಾಲಿಗಾಗಿ ನಡೆದಿದ್ದ. ಎಷ್ಟೋ ಸಲ ತೋಟದ ದಾರಿಯಲ್ಲಿ ಅವನನ್ನು ದಾಟಿ, ಧೂಳು ಹಾರಿಸಿ, ಹಾರ್ನು ಬಾರಿಸಿ ಹೋಗಿದ್ದೆ. ಅಪ್ಪ ಕೈ ಎತ್ತಿ 'ಹೋಗು ಹೋಗು' ಎನ್ನುತ್ತಿದ್ದ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ನೀ ಏನ ಬಿಡ್ತೀಪಾ?" ಮಹಾರಾಜರು ನನ್ನನ್ನು ಕೇಳಿದರು. ಅವರ ಮುಂದೆ ಕೂತವರು ಬರಿಗೈಯಲ್ಲಿ ಏಳುವಂತಿಲ್ಲ. ಕಾರು ಎಂದು ಹೇಳಬೇಕೆಂದು ಬಾಯಿ ತೆರೆದೆ. "ಬದನಿಕಾಯ್ರಿ" ಎಂದು ಬಂತು. ಜಗತ್ತಿನಲ್ಲಿ ನನಗೆ ಕೆಂಪು ಕಾರು ಬಿಟ್ಟರೆ ಎಣ್ಣೆಗಾಯಿಯಷ್ಟು ಪ್ರೀತಿಯದು ಇನ್ನೊಂದಿರಲಿಲ್ಲ. ಹೋದದ್ದು ಗಾಲಿ ಕೇಳಲು, ಕಳೆದುಕೊಂಡು ಬಂದದ್ದು ಎಣ್ಣೆಗಾಯಿ. ಬರುವ ದಾರಿಯುದ್ದಕ್ಕೂ ಅಪ್ಪ ನನ್ನ ಬೆನ್ನ ಹಿಂದೆ ಮುಸುಮುಸು ನಗುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಕಾರಿನ ವಿಷಯ ಮುಗಿಯಿತು, ಇನ್ನು ಯಾರೂ ಅದರ ಹೆಸರೆತ್ತಬಾರದು ಎಂದು. ಆಮೇಲೆ ಎರಡು ದಿನ ನಾನೇ ಅದರ ಹೆಸರೆತ್ತುತ್ತ ತಿರುಗಿದೆ. ಊಟ ಸೇರಲಿಲ್ಲ. ಸೇರಿದ್ದರೂ ಮೂರು ಹೊತ್ತೂ ಬದನೆಕಾಯಿಯನ್ನೇ ಮಾಡುತ್ತಿದ್ದರು; ನಮ್ಮ ಹಿತ್ತಲಲ್ಲಿ ಆ ವರ್ಷ ಅದೇ ಬೆಳೆದಿತ್ತು.

ದಾರಿ ತೋರಿಸಿದವಳು ನನ್ನ ಹೆಂಡತಿ. ಆರನೆಯ ದಿನ ಅತ್ತೆ ಸೊಸೆ ಇಬ್ಬರೂ ತೋಟದಿಂದ ಖಾಲಿ ಟ್ರೇಲರಿನಲ್ಲಿ ನಿಂತು ಬಂದರು, ಟ್ರ್ಯಾಕ್ಟರ್ ನಾನೇ ಹೊಡೆಯುತ್ತಿದ್ದೆ. ಮಳೆಗೆ ರಸ್ತೆ ಕಿತ್ತು ಗುಂಡಿ ಬಿದ್ದಿತ್ತು. ಸಿಟ್ಟಿನಲ್ಲಿದ್ದ ನಾನು ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಹಿಂದೆ ಅವ್ವ ಬೀಗರ ಊರಿನ ಯಾವುದೋ ಜಗಳದ ಕತೆಯನ್ನು ಗಟ್ಟಿ ದನಿಯಲ್ಲಿ, ನಗುತ್ತ ಹೇಳುತ್ತಲೇ ಇದ್ದಳು. ಮನೆ ಮುಂದೆ ಇಳಿದಾಗ ನನ್ನ ಹೆಂಡತಿ ಸೊಂಟ ಹಿಡಿದುಕೊಂಡು ನಿಂತು, "ಅತ್ತೀ, ಇಷ್ಟ ಎತ್ತಿ ಹಾಕಿದ್ರೂ ನಿಮಗ ಏನೂ ಆಗಲಿಲ್ಲಲ್ಲ?" ಎಂದಳು.

"ಟ್ರೇಲರಿನ್ಯಾಗ ಏನಾಗತೈತಿ? ಗಾಳಿ ಬರತೈತಿ."

"ನಮ್ಮಪ್ಪನ ಕಾರಿನ್ಯಾಗ ಬಂದಾಗ ನಿಪ್ಪಾಣಿಯಿಂದ ಚಿಕ್ಕೋಡಿತನಕ ಮೂರ ಸಲ ನಿಲ್ಲಸಿದ್ರಿ. ಅದು ಪೆಟ್ರೋಲ್ ಕಾರ. ಡೀಸೆಲ್ ವಾಸನಿ ಎಲ್ಲಿಂದ ಬಂತು?"

ನಾನು ಟ್ರ್ಯಾಕ್ಟರ್ ಬಂದು ಮಾಡಿ, ಮೇಲೆ ಕೂತೇ ಲೆಕ್ಕ ಹಾಕಿದೆ. ಬಸ್ಸು ಆಗದು, ಮುಚ್ಚಿದ ಕಾರೂ ಆಗದು. ಟ್ರೇಲರು ಆಗುತ್ತದೆ, ಬಾಗಿಲ ಬಳಿ ಕೂತರೆ ರೈಲು ಆಗುತ್ತದೆ. ಅವಳಿಗೆ ಆಗದ್ದು ವಾಸನೆಯಲ್ಲ, ಮುಚ್ಚಿದ ಗಾಡಿ! ಇದನ್ನು ತಿಳಿಯದೆ ನಮ್ಮಪ್ಪ ಹದಿಮೂರು ವರ್ಷ ಅವಳಿಗಾಗಿ ಮುಚ್ಚಿದ ಕಾರುಗಳ ಹೊಟ್ಟೆ ಕೆಳಗೆ ನೋಡುತ್ತ ಬಂದಿದ್ದ.

"ಅವ್ವಾ, ನಾಳಿ ಕೊಲ್ಹಾಪುರಕ್ಕ ಹೋಗೂನು" ಎಂದು ನಾನು ಟ್ರ್ಯಾಕ್ಟರಿನಿಂದ ಜಿಗಿದೆ. ನನ್ನ ದನಿಯಲ್ಲಿ ಮಾತೃಭಕ್ತಿ ಉಕ್ಕುತ್ತಿತ್ತು. ಹೆಂಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಭಾಳ ಶ್ಯಾಣ್ಯಾ ಅದೀರಿ" ಎಂದಳು.

ಏಳನೆಯ ದಿನ ನಾನು, ಅಪ್ಪ, ಅವ್ವ ರೈಲಿನಲ್ಲಿ ಮಿರಜಿಗೆ ಹೋಗಿ ಅಲ್ಲಿಂದ ಕೊಲ್ಹಾಪುರಕ್ಕೆ ಹೋದೆವು. ಅಪ್ಪ ಜೇಬಿನಲ್ಲಿ ಎರಡು ನಿಂಬೆಹಣ್ಣು ತಂದಿದ್ದ. ಶೋರೂಮಿನವನು ಅವ್ವನನ್ನು ನೋಡಿ ಗಾಬರಿಯಾಗಿ "ಆಜೀ ಬಸಣಾರ ಕಾ?" ಎಂದು ನನ್ನ ಕಿವಿಯಲ್ಲಿ ಕೇಳಿದ. ಹೌದು, ಅಜ್ಜಿಯೇ ಕೂರುವವರು ಎಂದೆ. ಅವ್ವ ಕಾರನ್ನು ಒಂದು ಸುತ್ತು ಹಾಕಿ ನೋಡಿ, ಸೆರಗು ಬಿಗಿಮಾಡಿ, ನೆಲದ ಮೇಲೆ ಕೂರುವಂತೆ ಒಳಗೆ ಇಳಿದಳು.

"ಬಸ್ ಹತ್ತಬೇಕಾಗತೈತಿ. ಇದು ಛಲೋ ಐತಿ, ಮಣಿ ಮ್ಯಾಲ ಕುಂತಂಗ ಐತಿ" ಎಂದಳು.

ರಂಕಾಳ ಕೆರೆಯ ಸುತ್ತ ಹೊಡೆದೆ. ಮೊದಲ ಸುತ್ತಿಗೆ ನಿಧಾನ, ಕಣ್ಣಂಚಿನಲ್ಲಿ ಅವಳ ಮುಖವನ್ನೇ ನೋಡುತ್ತಿದ್ದೆ. ಮುಖ ಬಿಳಿಚಲಿಲ್ಲ, ಕೈ ಹೊಟ್ಟೆಗೆ ಹೋಗಲಿಲ್ಲ. ಎರಡನೆಯ ಸುತ್ತಿಗೆ ಸ್ವಲ್ಪ ಜೋರು. ಸೆರಗು ತಲೆಯಿಂದ ಜಾರಿತು, ಮುಡಿಯ ಸೇವಂತಿಗೆ ಹಾರಿ ಹಿಂದೆ ಎಲ್ಲೋ ಬಿತ್ತು. ನನ್ನ ಅವ್ವನ ಕೂದಲು ಗಾಳಿಗೆ ಬಿಚ್ಚಿದ್ದನ್ನು ನಾನು ನೋಡಿದ್ದೇ ಇಲ್ಲ. ಅರ್ಧ ಬೆಳ್ಳಗಾಗಿತ್ತು. "ನಿಲ್ಲಸ್ಲೇನ?" ಎಂದು ಕೇಳಿದೆ.

"ಸುಮ್ಕ ಹೊಡಿ" ಎಂದಳು.

ಮೂರನೆಯ ಸುತ್ತು ಮುಗಿಸಿ ಬಂದಾಗ ಅಪ್ಪ ಶೋರೂಮಿನ ಬಾಗಿಲಲ್ಲಿ ನಿಂಬೆಹಣ್ಣು ಮುಂದೆ ಹಿಡಿದು ನಿಂತಿದ್ದ. ಅವ್ವ ಇಳಿಯಲಿಲ್ಲ. ಕೂತಲ್ಲಿಂದಲೇ, "ಅದನ್ನ ನೀವ ಇಟಗೋರಿ. ಇದನ್ನ ತಗೋಳೂನು" ಎಂದಳು.

ಅಪ್ಪ ಕಾರನ್ನು ನೋಡಿದ, ಅವಳನ್ನು ನೋಡಿದ, ಬಗ್ಗಿ ಕಾರಿನ ಕೆಳಗೆ ನೋಡಲು ಹೋದ. ಜಾಗವಿರಲಿಲ್ಲ, ಅದು ಅಷ್ಟು ಕೆಳಗಿತ್ತು. "ಹೊಸಾ ಮಾಲ ಐತಿ" ಎಂದ ಮೆಲ್ಲಗೆ. "ಒಂದ ಮೂರ ವರ್ಷ ನೋಡಿ—"

"ಹದಿಮೂರ ವರ್ಷ ನೋಡೀರಿ!" ಅವ್ವನ ದನಿಗೆ ಶೋರೂಮಿನ ಹುಡುಗರೆಲ್ಲ ತಿರುಗಿದರು. "ನನ್ನ ಅವ್ವ ಸತ್ತಳು, ನನ್ನ ಅಪ್ಪ ಸತ್ತ. ಎರಡೂ ಸಲ ಮಾರಿ ನೋಡಾಕ ಸಿಗಲಿಲ್ಲ, ರಾಯಬಾಗದ ಸ್ಟ್ಯಾಂಡಿನ್ಯಾಗ ಬಿದ್ದಿದ್ದೆ. ಇನ್ನ ನಮ್ಮಣ್ಣ ಒಬ್ಬ ಅದಾನ. ಅವಗ ಎಪ್ಪತ್ತ ಆದುವು. ಇನ್ನ ಮೂರ ವರ್ಷ ಯಾರನ್ನ ನೋಡ್ತೀರಿ?"

ಅಪ್ಪ ಎರಡೂ ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ಶೋರೂಮಿನವನಿಗೆ ಮರಾಠಿಯಲ್ಲಿ "ಕಾಗದ ಆಣಾ" ಎಂದ. ಕಾಗದ ತನ್ನಿ ಎಂದು ಅಪ್ಪ ಜೀವಮಾನದಲ್ಲಿ ಅಷ್ಟು ಬೇಗ ಹೇಳಿದ್ದು ಅದೊಂದೇ ಸಲ.

ನನ್ನ ಖುಷಿಯನ್ನು ಏನು ಹೇಳಲಿ! ಕೆಂಪು ಕಾರೂ ಸಿಕ್ಕಿತು, ಒಳ್ಳೆಯ ಮಗ ಎಂಬ ಹೆಸರೂ ಸಿಕ್ಕಿತು. ಅವ್ವ ತವರಿಗೆ ಹೆಚ್ಚೆಂದರೆ ವರ್ಷಕ್ಕೆ ನಾಲ್ಕು ಸಲ ಹೋದಾಳು, ಉಳಿದ ದಿನವೆಲ್ಲ ಕಾರು ನನ್ನದು ಎಂದು ಲೆಕ್ಕ ಹಾಕಿದೆ. ಅಥಣಿ, ಕಾಗವಾಡದ ಗೆಳೆಯರಿಗೆಲ್ಲ ತಾನಾಗಿಯೇ ಸುದ್ದಿ ಮುಟ್ಟುವಂತೆ ನೋಡಿಕೊಂಡೆ. ಮಿರಜಿನಲ್ಲಿ ಕಪ್ಪು ಕನ್ನಡಕ ಕೊಂಡೆ. ಹೆಂಡತಿಗೂ ಒಂದು ತಂದೆ. ಅವಳು ಅದನ್ನು ಹಾಕಿಕೊಂಡು ರೊಟ್ಟಿ ಬಡಿದು ತೋರಿಸಿದಳು.

ಹತ್ತು ದಿನಕ್ಕೆ ಕಾರು ಮನೆಗೆ ಬಂತು. ಊರಿಗೆ ಊರೇ ಬಂದು ಗಾಲಿ ಎಣಿಸಿ, ಹದಿನಾರು ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟು ಹೋಯಿತು. ಮರುದಿನ ಬೆಳಿಗ್ಗೆ ಅವ್ವನ ತವರಿಗೆ ಮೊದಲ ಪ್ರಯಾಣ. ಕುಂಕುಮದ ಸ್ವಸ್ತಿಕ, ಗಾಲಿಯ ಕೆಳಗೆ ನಿಂಬೆಹಣ್ಣು, ಕಾಯಿ, ಎಲ್ಲಾ ಆಯಿತು. ಅವ್ವ ಇಳಕಲ್ ಸೀರೆ ಉಟ್ಟು, ಅಣ್ಣನಿಗೆಂದು ಒಣದ್ರಾಕ್ಷಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಕನ್ನಡಕ ಹಾಕಿಕೊಂಡು ಸ್ಟೇರಿಂಗ್ ಹಿಡಿದೆ. ಅಪ್ಪ ಗೇಟು ತೆರೆದು ಹಿಡಿದು ನಿಂತಿದ್ದ. ಒಗೆದ ಧೋತರ, ಬಿಳಿ ಟೋಪಿ. "ಸಾವಕಾಶ ಹೋಗಿ ಬರ್ರಿ" ಎಂದ.

"ತಡಿ" ಎಂದಳು ಅವ್ವ.

ಏನೋ ಮರೆತಿರಬೇಕೆಂದು ನಿಲ್ಲಿಸಿದೆ.

"ನೀ ಇಳಿ."

"ಯಾಕವ್ವಾ?"

"ನಿಮ್ಮಪ್ಪ ಬರ್ಲಿ."

"ಅವಾ ಹೆಂಗ ಹೊಡೀತಾನ? ಇದು ಟ್ರ್ಯಾಕ್ಟರ್ ಅಲ್ಲಬೇ!"

"ಟ್ರ್ಯಾಕ್ಟರ್ ಹೊಡೆದವಗ ಇದೇನ ಧಾಡಿ? ಇಳಿ ಅಂದ್ನಿಲ್ಲ?"

ಅಪ್ಪ "ಬ್ಯಾಡ, ಹುಡುಗ ಆಸೆ ಮಾಡ್ಯಾನ, ಅವಾ ಹೊಡೀಲಿ" ಎನ್ನುತ್ತಲೇ ಗೇಟು ಬಿಟ್ಟು ಈಚೆ ಬಂದ. ನಾನು ಕೊನೆಯ ಅಸ್ತ್ರವೆಂದು "ಕಾರಿನ ಲೈಸನ್ಸ್ ಬೇಕಪಾ, ಪೊಲೀಸ್ರು ಹಿಡೀತಾರ" ಎಂದೆ. ಅಪ್ಪ ನಾಚುತ್ತ ಒಳಅಂಗಿಯ ಜೇಬಿಗೆ ಕೈ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕದಂಥ ಲೈಸನ್ಸು ತೆಗೆದ. ಕಾರಿನದೇ. ನೇಮ ಹಿಡಿದ ವರ್ಷವೇ ಚಿಕ್ಕೋಡಿಗೆ ಹೋಗಿ ಮಾಡಿಸಿದ್ದ. ಹದಿಮೂರು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಳಗಿನ ಫೋಟೋದಲ್ಲಿ ಅವನ ಮೀಸೆ ಕಪ್ಪಗಿತ್ತು.

ನಾನು ಇಳಿದೆ. ಸಿಟ್ಟು ಬಂದಿತ್ತು, ಆದರೆ ಬಂದದ್ದು ಸಿಟ್ಟೊಂದೇ ಆಗಿರಲಿಲ್ಲ. ಕಪ್ಪು ಕನ್ನಡಕ ಇದ್ದದ್ದು ಒಳ್ಳೆಯದಾಯಿತು.

ಅಪ್ಪ ಮೊಳಕಾಲು ಮಡಚಿಕೊಂಡು ಒಳಗೆ ಸೇರಿದ. ಟೋಪಿ ಹಾರದಂತೆ ಅವ್ವ ಅದನ್ನು ಅವನ ತಲೆಯಿಂದ ತೆಗೆದು ಗಂಟಿನೊಳಗೆ ಇಟ್ಟಳು. ಕಾರು ಒಮ್ಮೆ ಕುಪ್ಪಳಿಸಿ, ನಿಂತು, ಮತ್ತೆ ಕುಪ್ಪಳಿಸಿ, ಗೇಟು ದಾಟಿ ಉಗಾರದ ರಸ್ತೆ ಹಿಡಿಯಿತು. ಛಾವಣಿ ಇಲ್ಲದ್ದರಿಂದ ಎರಡು ತಲೆಗಳೂ ಕಾಣುತ್ತಿದ್ದವು. ಬಸದಿಯಲ್ಲಿ ಗಂಡಸರ ಕಡೆ ಅಪ್ಪ, ಹೆಂಗಸರ ಕಡೆ ಅವ್ವ. ಮದುವೆ ಊಟಕ್ಕೂ ಬೇರೆ ಪಂಕ್ತಿ. ಬಸ್ಸಿನಲ್ಲಿ ಅವಳು ಮುಂದೆ, ಅವನು ಹಿಂದೆ. ಟ್ರ್ಯಾಕ್ಟರಿನ ಮೇಲೆ ಅವನು, ಟ್ರೇಲರಿನಲ್ಲಿ ಅವಳು. ಮೂವತ್ತೈದು ವರ್ಷ ಸಂಸಾರ ಮಾಡಿದ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಒಳಗ ಬರ್ರಿ, ಚಾ ಆರತೈತಿ" ಎಂದು ಹೆಂಡತಿ ನನ್ನ ತೋಳು ಹಿಡಿದಳು. ಕರೆದಳೇ ಹೊರತು ಅವಳೂ ಕದಲಲಿಲ್ಲ. ಕಾರು ರಸ್ತೆಯ ತಿರುವಿನಲ್ಲಿ ಕಣ್ಮರೆಯಾಗುವವರೆಗೆ ಇಬ್ಬರೂ ಗೇಟಿನಲ್ಲೇ ನಿಂತೆವು. ಅಪ್ಪ ಅದನ್ನು ಟ್ರ್ಯಾಕ್ಟರಿನ ವೇಗದಲ್ಲೇ ಹೊಡೆಯುತ್ತಿದ್ದ, ಹಾಗಾಗಿ ಬಹಳ ಹೊತ್ತು ಹಿಡಿಯಿತು.